ಮೂರನೇ ದಿನದ ಔಷಧ

ಒಗ್ಗರಣೆ ಸೌಟಿಗೆ ಒಂದು ಚಮಚ ಕೊಬ್ಬರಿ ಎಣ್ಣೆ, ಅದಕ್ಕೆ ಎರಡು ಎಸಳು ಬೆಳ್ಳುಳ್ಳಿ. ಎಸಳು ಕೆಂಪಗಾಗಿ ಅಂಚು ಕಪ್ಪಿಡುವ ಹೊತ್ತಿಗೆ ಸೌಟು ಇಳಿಸಿ, ಆರಲು ಬಿಟ್ಟು, ಮುಂಗೈ ಮೇಲೆ ಒಂದು ತೊಟ್ಟು ಬಿಟ್ಟುಕೊಂಡು ಬಿಸಿ ನೋಡಿ, ಮಡಿಲಲ್ಲಿ ಮಗ್ಗುಲಾಗಿ ಮಲಗಿಸಿಕೊಂಡ ಮಗುವಿನ ಕಿವಿಗೆ ಹತ್ತಿಯಿಂದ ಎರಡು ಹನಿ ಹಿಂಡುವುದು. ಮೇಲೊಂದು ಹತ್ತಿಯ ಉಂಡೆ. ಮಗು ಕಿವಿ ಹಿಡಿದುಕೊಂಡು ಅತ್ತ ರಾತ್ರಿ ಕರ್ನಾಟಕದ ಮನೆಗಳಲ್ಲಿ ನಡೆದುಬಂದ ಕ್ರಮ ಇದು. ಎಣ್ಣೆ ಊರಿಂದೂರಿಗೆ ಬದಲಾಗುತ್ತದೆ, ಕೆಲವು ಕಡೆ ಬೆಳ್ಳುಳ್ಳಿಯ ಜಾಗಕ್ಕೆ ದೊಡ್ಡಪತ್ರೆ ಅಥವಾ ತುಳಸಿ ರಸ ಬರುತ್ತದೆ. ಬದಲಾಗದ್ದು ಫಲಿತಾಂಶ. ಮೊದಲ ರಾತ್ರಿ ಕಷ್ಟ, ಎರಡನೇ ದಿನ ಪರವಾಗಿಲ್ಲ, ಮೂರನೇ ದಿನ ಮಗು ಅಂಗಳದಲ್ಲಿ ಆಡುತ್ತಿರುತ್ತದೆ. ಇಷ್ಟು ನಿಯತವಾಗಿ ಫಲ ಕೊಡುವ ಮದ್ದನ್ನು ಯಾರು ತಾನೇ ಅನುಮಾನಿಸುತ್ತಾರೆ? ಆದರೆ ಆ ನಿಯತವನ್ನೇ ಅನುಮಾನಿಸಬೇಕು. ಯಾವ ಎಣ್ಣೆ ಹಾಕಿದರೂ, ಯಾವ ಸೊಪ್ಪು ಹಿಂಡಿದರೂ ಫಲ ಒಂದೇ ಎಂದಾದರೆ, ಗುಣ ಎಣ್ಣೆಯದೋ ಸೊಪ್ಪಿನದೋ ಮೂರನೇ ದಿನದ್ದೋ ಎಂಬ ಪ್ರಶ್ನೆ ಏಳುತ್ತದೆ. ನಡುಗಿವಿಯ ಸೋಂಕಿಗೆ ಮೂಲಿಕೆ ಗಳಿಸಿದ ಹೆಸರಿನ ಬಹುಪಾಲು ಕಾಲಕ್ಕೆ ಸಲ್ಲಬೇಕಾದ್ದು ಎಂಬುದು ಈ ಲೇಖನದ ವಾದ. ಮೂಲಿಕೆಯೊಂದೇ ಹೀಗೆ ಹೆಸರು ಗಳಿಸಿದ್ದೂ ಅಲ್ಲ.

ಬೆಳ್ಳುಳ್ಳಿ ಈ ಸೌಟಿಗೆ ಬಂದದ್ದು ಇಂದು ನಿನ್ನೆಯ ಮಾತಲ್ಲ. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಎರಡು ಅಧ್ಯಾಯಗಳು ಕಿವಿಗೇ ಮೀಸಲು. ಇಪ್ಪತ್ತನೆಯದು ರೋಗಗಳನ್ನು ಗುರುತಿಸುತ್ತದೆ, ಇಪ್ಪತ್ತೊಂದನೆಯದು ಚಿಕಿತ್ಸೆ ಹೇಳುತ್ತದೆ. ರೋಗಗಳ ಲೆಕ್ಕ 28. ನೋವು ಮಾತ್ರ ಇರುವುದು ಕರ್ಣಶೂಲ, ಸೋರುವುದು ಕರ್ಣಸ್ರಾವ, ನಾರುವುದು ಪೂತಿಕರ್ಣ. ನೋವಿನ ಕಿವಿಗೆ ಬೆಳ್ಳುಳ್ಳಿ, ಹಸಿಶುಂಠಿ, ನುಗ್ಗೆ, ಮೂಲಂಗಿ, ಬಾಳೆ ಇವುಗಳ ರಸವನ್ನು ಉಗುರುಬೆಚ್ಚಗೆ ಮಾಡಿ ತುಂಬಬೇಕೆಂದು ಅಲ್ಲಿದೆ. ಇನ್ನೂ ಸೊಗಸಾದದ್ದು ದೀಪಿಕಾತೈಲದ ವಿಧಾನ. ಬಿಲ್ವ ಮೊದಲಾದ ಐದು ಮರಗಳ ಕಡ್ಡಿಗಳಿಗೆ ನಾರುಬಟ್ಟೆ ಸುತ್ತಿ, ಎಣ್ಣೆಯಲ್ಲಿ ನೆನೆಸಿ, ಪಂಜಿನಂತೆ ಹೊತ್ತಿಸಬೇಕು. ಉರಿಯುವ ಕಡ್ಡಿಯಿಂದ ತೊಟ್ಟಿಕ್ಕುವ ಎಣ್ಣೆಯನ್ನು ಹಿಡಿದು, ಹಿತವಾದ ಬಿಸಿಯಲ್ಲಿ ಕಿವಿಗೆ ಬಿಡಬೇಕು. ನೋವು ಕೂಡಲೇ ನಿಲ್ಲುತ್ತದೆಂಬುದು ಭರವಸೆ. ಮುಂದಿನ ಶತಮಾನಗಳ ಚಿಕಿತ್ಸಾ ಸಂಗ್ರಹಗಳಲ್ಲಿ ಎಕ್ಕದ ಎಲೆಯ ಯೋಗ ಬರುತ್ತದೆ. ಹಣ್ಣಾಗಿ ಹಳದಿ ತಿರುಗಿದ ಎಲೆಗೆ ತುಪ್ಪ ಸವರಿ, ಬೆಂಕಿಯಲ್ಲಿ ಬಾಡಿಸಿ, ಹಿಂಡಿದ ರಸ. ಈ ಮದ್ದುಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಅಂಶ ಕಣ್ಣಿಗೆ ಬೀಳುತ್ತದೆ: ಗಿಡ ಬೇರೆ ಬೇರೆ, ಬಿಸಿ ಮಾತ್ರ ಎಲ್ಲದರಲ್ಲೂ ಇದೆ.

ಶಾಸ್ತ್ರದಿಂದ ಅಡುಗೆಮನೆಗೆ ಬರುವ ದಾರಿಯಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂಬುದನ್ನೂ ನೋಡಬೇಕು. ಸೋರುವ ಕಿವಿಗೆ ಸುಶ್ರುತ ಹೇಳುವ ಕ್ರಮವೇ ಬೇರೆ. ಒರೆಸುವುದು, ಕಷಾಯದಿಂದ ತೊಳೆಯುವುದು, ಧೂಪ ಹಾಕುವುದು, ಮೂಗಿನ ಮೂಲಕ ತಲೆಯ ಕಫ ಇಳಿಸುವುದು, ತುಂಬುವುದು. ಇವುಗಳಲ್ಲಿ ಯಾವುದು ಬೇಕೋ ಅದನ್ನು ಕಿವಿ ನೋಡಿ ನೋಡಿ ಮಾಡಬೇಕೆಂದು ಸೂಚನೆ. ಕಿವಿ ಸೋರಲು ಅವನು ಕೊಡುವ ಕಾರಣಗಳೂ ಸ್ಪಷ್ಟ: ತಲೆಗೆ ಬಿದ್ದ ಪೆಟ್ಟು, ನೀರಲ್ಲಿ ಮುಳುಗಿದ್ದು, ಒಳಗಿನ ಬಾವು ಹಣ್ಣಾಗಿ ಒಡೆದದ್ದು. ಅತ್ತ ಚರಕ ಸಂಹಿತೆಯ ಸೂತ್ರಸ್ಥಾನದ ಐದನೇ ಅಧ್ಯಾಯ ದಿನಚರಿಯ ಭಾಗವಾಗಿ ಕಿವಿಗೆ ಎಣ್ಣೆ ಹಾಕಿಕೊಳ್ಳಲು ಹೇಳುತ್ತದೆ. ಅದು ಚೆನ್ನಾಗಿರುವ ಕಿವಿಗೆ ಹೇಳಿದ್ದು, ಕಿವುಡು ಬಾರದಿರಲಿ, ಕುತ್ತಿಗೆ ಹಿಡಿಯದಿರಲಿ ಎಂದು. ಮೂರು ಬೇರೆ ಬೇರೆ ಸಂದರ್ಭಗಳು, ಮೂರು ಬೇರೆ ಬೇರೆ ನಿಯಮಗಳು. ಮನೆಮದ್ದಿನಲ್ಲಿ ಇವು ಕರಗಿ ಒಂದಾದವು. ಹಸುಗೂಸಿಗೆ ಎಣ್ಣೆ ನೀರು ಹಾಕುವಾಗ ಕಿವಿಗೆ ಬಿಡುವ ತೊಟ್ಟು, ನೋಯುವ ಕಿವಿಗೆ ಬಿಡುವ ತೊಟ್ಟು, ಸೋರುವ ಕಿವಿಗೆ ಬಿಡುವ ತೊಟ್ಟು ಎಲ್ಲವೂ ಅದೇ ಬಟ್ಟಲಿಂದ. ಪರಂಪರೆಯ ಹೆಸರಲ್ಲಿ ಇಂದು ನಾವು ಸಮರ್ಥಿಸುವುದು ಬಹಳ ಸಲ ಪರಂಪರೆಯ ಸಾರಾಂಶವನ್ನು, ಅದೂ ಅವಸರದಲ್ಲಿ ಮಾಡಿದ್ದನ್ನು.

ಆದರೂ ಸುಶ್ರುತನಿಗೆ ಕಾಣದ ಒಂದು ಗೋಡೆ ಇತ್ತು. ಹೊರಗಿವಿಯ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದ. ಅದರ ಕೊನೆಗೆ ಕಿವಿತಮಟೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲು ದಪ್ಪದ ಪೊರೆ. ನಡುಗಿವಿ ಅದರ ಆಚೆಗೆ. ಅಲ್ಲಿಗೆ ಸೋಂಕು ಹೋಗುವ ದಾರಿ ಕಿವಿಯ ತೂತಲ್ಲ. ಗಂಟಲ ಮೇಲ್ಭಾಗದಿಂದ ನಡುಗಿವಿಗೆ ಹೋಗುವ ಸಣ್ಣ ಕೊಳವೆ. ರೋಮ್‌ನಲ್ಲಿದ್ದ ವೈದ್ಯ ಬಾರ್ತೊಲೊಮಿಯೊ ಯುಸ್ಟಾಕಿ 1560ರ ದಶಕದಲ್ಲಿ ಅದನ್ನು ವಿವರವಾಗಿ ಬಣ್ಣಿಸಿದ, ಅವನ ಹೆಸರೇ ಅದಕ್ಕೆ ಉಳಿಯಿತು. (ಆಡುಗಳು ಕಿವಿಯಿಂದ ಉಸಿರಾಡುತ್ತವೆ ಎಂದು ಪುರಾತನ ಗ್ರೀಸಿನ ಆಲ್ಕ್‌ಮಿಯಾನ್ ಹೇಳಿದ್ದನೆಂದು ಅರಿಸ್ಟಾಟಲ್ ಬರೆದು ತಳ್ಳಿಹಾಕುತ್ತಾನೆ. ಪಾಪ, ಆಲ್ಕ್‌ಮಿಯಾನ್ ಯಾವುದೋ ಆಡಿನ ತಲೆಯಲ್ಲಿ ಈ ಕೊಳವೆಯನ್ನೇ ಕಂಡಿದ್ದಿರಬೇಕು.) ಮಕ್ಕಳಲ್ಲಿ ಆ ಕೊಳವೆ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿರುತ್ತದೆ. ನೆಗಡಿಯಾದ ಮೂರ್ನಾಲ್ಕು ದಿನಕ್ಕೆ ಕಿವಿ ನೋಯುವುದು ಅದರಿಂದಲೇ. ಹೊರಗಿನಿಂದ ಬಿಟ್ಟ ಎಣ್ಣೆ ತಮಟೆಗೆ ತಾಗಿ ನಿಲ್ಲುತ್ತದೆ. ಕೀವು ಗೋಡೆಯ ಆಚೆ ಇದೆ. ಆ ಗೋಡೆಯನ್ನು ಚೆನ್ನಾಗಿ ನೋಡುವ ಸಾಧನ ಬಂದದ್ದೂ ತೀರ ಈಚೆಗೆ. 1841ರಲ್ಲಿ ಜರ್ಮನಿಯ ವೈದ್ಯ ಫ್ರೀಡ್ರಿಷ್ ಹೋಫ್‌ಮನ್ ನಡುವೆ ತೂತಿರುವ ಕನ್ನಡಿಯಿಂದ ಕಿವಿಯೊಳಕ್ಕೆ ಬೆಳಕು ಹಾಯಿಸಿದ. 1850ರ ದಶಕದಲ್ಲಿ ಫಾನ್ ಟ್ರೋಲ್ಚ್ ಎಂಬ ವೈದ್ಯ ಅದನ್ನು ಬಳಕೆಗೆ ತಂದ. ಅದಕ್ಕೆ ಮುಂಚಿನ ಯಾವ ದೇಶದ ವೈದ್ಯನೇ ಆಗಲಿ, ಕಿವಿನೋವು ವಾಸಿ ಮಾಡಿದೆ ಎಂದಾಗ ಅದು ನಡುಗಿವಿಯ ಸೋಂಕೋ, ಗಟ್ಟಿಯಾದ ಗುಗ್ಗೆಯೋ, ನಾಳದಲ್ಲಿ ಎದ್ದ ಕುರುವೋ, ಹುಳುಕು ಹಲ್ಲಿನ ನೋವೋ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಬೆಚ್ಚನೆಯ ಎಣ್ಣೆ ಗುಗ್ಗೆಯನ್ನು ನಿಜಕ್ಕೂ ಮೆತ್ತಗಾಗಿಸುತ್ತದೆ. ಅಲ್ಲಿ ಗಳಿಸಿದ ಹೆಸರನ್ನು ಅದು ಪಕ್ಕದ ರೋಗಕ್ಕೂ ಕೊಂಡೊಯ್ಯಿತು.

ಸಾವಿರಾರು ವರ್ಷಗಳ ಅನುಭವ ಸುಳ್ಳಾಗುತ್ತದೆಯೇ ಎಂಬುದು ಇಲ್ಲಿ ಎದುರಾಗುವ ಮೊದಲ ಆಕ್ಷೇಪ. ಅನುಭವ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನಕ್ಕೆ ಹೋಲಿಕೆಯ ಆಸರೆ ಇರಲಿಲ್ಲ. ಏನೂ ಹಾಕದೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಅಳುವ ಮಗುವನ್ನು ಸುಮ್ಮನೆ ಬಿಡಬೇಕು, ಯಾವ ತಾಯಿಯೂ ಅದನ್ನು ಮಾಡಲಾರಳು. ಆ ಲೆಕ್ಕ ಸಿಕ್ಕಿದ್ದು ನೆದರ್ಲೆಂಡ್ಸಿನಲ್ಲಿ. ಅಲ್ಲಿನ ವೈದ್ಯ ಫಾನ್ ಬುಖೆಮ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಡುಗಿವಿಯ ಸೋಂಕು ತಗಲಿದ, ಎರಡು ವರ್ಷ ದಾಟಿದ 4,860 ಮಕ್ಕಳಿದ್ದರು. ಮೊದಲ ಕೆಲವು ದಿನ ಅವರಿಗೆ ಕೊಟ್ಟಿದ್ದು ಮೂಗಿನ ಹನಿ, ನೋವಿನ ಔಷಧ ಮಾತ್ರ. ನೂರಕ್ಕೆ 90ಕ್ಕೂ ಹೆಚ್ಚು ಮಕ್ಕಳು ಕೆಲವೇ ದಿನಗಳಲ್ಲಿ ಗುಣವಾದರು; ಕಾಯಿಲೆ ಬಿಗಡಾಯಿಸಿದ್ದು ಶೇ. 2.7ರಷ್ಟು ಮಕ್ಕಳಲ್ಲಿ. ಹಾಗಾದರೆ ಎಕ್ಕದ ರಸ ಹಾಕಿದವರೂ, ಬೆಳ್ಳುಳ್ಳಿ ಎಣ್ಣೆ ಹಾಕಿದವರೂ, ತಾಯತ ಕಟ್ಟಿದವರೂ ನೂರಕ್ಕೆ ತೊಂಬತ್ತು ಗೆಲುವು ಕಂಡಿರಲೇಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗುವುದು ಯಾವಾಗಲೋ ಒಮ್ಮೆ ಎನ್ನುತ್ತೇವೆ. ಇಲ್ಲಿ ಕೊಂಬೆ ಹತ್ತರಲ್ಲಿ ಒಂಬತ್ತು ಸಲ ತಾನಾಗಿ ಮುರಿಯುವಂಥದ್ದು, ಕಾಗೆ ಪ್ರತಿಸಲವೂ ಬಂದು ಕೂರುತ್ತದೆ. ಬಿಲ್ವ ಮತ್ತು ಗೋಮೂತ್ರದಿಂದ ಕಾಯಿಸುವ ಬಿಲ್ವತೈಲ ಕಿವುಡಿಗೆ ಪ್ರಸಿದ್ಧವಾದದ್ದರ ಹಿಂದೆಯೂ ಇದೇ ಗುಟ್ಟು ಸ್ವಲ್ಪಮಟ್ಟಿಗೆ ಇದ್ದಿರಬೇಕು. ಸೋಂಕು ಇಳಿದ ಮೇಲೆ ನಡುಗಿವಿಯಲ್ಲಿ ನಿಂತ ದ್ರವದಿಂದ ಮಗುವಿಗೆ ಕಿವಿ ಮಂದವಾಗುತ್ತದೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಅದು ತಾನೇ ಇಂಗಿ ಕೇಳಿಸತೊಡಗುತ್ತದೆ.

ಉಳಿದ ಹತ್ತರಲ್ಲಿ ಒಂದರ ಕತೆಯನ್ನು ಮನೆಮದ್ದಿನ ನೆನಪು ಇಟ್ಟುಕೊಳ್ಳಲಿಲ್ಲ. ಬಿಡದ ಜ್ವರದೊಂದಿಗೆ ಕಿವಿ ತೀವ್ರವಾಗಿ ನೋಯುವುದು ಅಪಾಯ, ಎಳೆಯರು ಏಳು ದಿನದೊಳಗೆ ಸಾಯಬಹುದು ಎಂದು ಪುರಾತನ ಗ್ರೀಸಿನ ವೈದ್ಯ ಹಿಪ್ಪಾಕ್ರಟಿಸನ ಹೆಸರಿನ ಗ್ರಂಥ ಎಚ್ಚರಿಸುತ್ತದೆ. ಕೆಲವರಲ್ಲಿ ಕೀವು ಕಿವಿಯ ಹಿಂದಿನ ಮೂಳೆಗೆ, ಅಲ್ಲಿಂದ ಮಿದುಳಿನ ಪೊರೆಗೆ ಏರುತ್ತದೆ. ಡಬ್ಲಿನ್‌ನ ವಿಲಿಯಂ ವೈಲ್ಡ್ ಹತ್ತೊಂಬತ್ತನೇ ಶತಮಾನದ ದೊಡ್ಡ ಕಿವಿವೈದ್ಯ. 1853ರಲ್ಲಿ ಅವನು ಕಿವಿಯ ಶಸ್ತ್ರಚಿಕಿತ್ಸೆ ಕುರಿತು ಪುಸ್ತಕ ಬರೆದ. ಕಿವಿಯ ಹಿಂದೆ ಕೊಯ್ದು ಕೀವು ಹೊರಹಾಕುವ ವಿಧಾನಕ್ಕೆ ಅವನದೇ ಹೆಸರು. ಅವನ ಮಗ, ಸಾಹಿತಿ ಆಸ್ಕರ್ ವೈಲ್ಡ್, 1900ರ ನವೆಂಬರಿನಲ್ಲಿ ಪ್ಯಾರಿಸಿನ ಹೋಟೆಲೊಂದರಲ್ಲಿ ತೀರಿಕೊಂಡ. ಏಳೆಂಟು ವಾರದ ಹಿಂದೆ ಅಲ್ಲೇ ಅವನ ಕಿವಿಗೆ ಶಸ್ತ್ರಚಿಕಿತ್ಸೆ ನಡೆದಿತ್ತು, ಕೊನೆಗೆ ಸೋಂಕು ಮಿದುಳಿಗೆ ಏರಿತ್ತು. ಯುರೋಪಿನ ಹೆಸರಾಂತ ಕಿವಿವೈದ್ಯನ ಮನೆಯ ಗತಿಯೇ ಹೀಗಾದರೆ ಉಳಿದವರದು ಹೇಳುವುದೇನು. ನಮ್ಮಲ್ಲಿ ಇಂಥ ಸಾವು ಕಿವಿಯ ಲೆಕ್ಕಕ್ಕೆ ಬರೆಯಲ್ಪಡುತ್ತಿರಲಿಲ್ಲ. ಮಗು ಜ್ವರ ಏರಿ ಬಡಬಡಿಸಿ ಸತ್ತರೆ ಅದು ಸನ್ನಿ. ಗೆಲುವೆಲ್ಲ ಎಣ್ಣೆಯ ಖಾತೆಗೆ, ಸೋಲು ಬೇರೆ ಕಾಯಿಲೆಯ ಖಾತೆಗೆ ಹೋದರೆ ಸಾವಿರ ವರ್ಷದ ಅನುಭವವೂ ಒಂದೇ ಕಡೆಗೆ ವಾಲುತ್ತದೆ.

ಮೂಲಿಕೆಯನ್ನು ನಿಜವಾಗಿ ಪರೀಕ್ಷೆಗೊಡ್ಡಿದ್ದು ಇಸ್ರೇಲಿನಲ್ಲಿ. 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 6ರಿಂದ 18 ವರ್ಷದ 103 ಮಕ್ಕಳು. ಒಂದು ಗುಂಪಿಗೆ ಬೆಳ್ಳುಳ್ಳಿ ಮತ್ತು ಮಲ್ಲೀನ್, ಕ್ಯಾಲೆಂಡುಲಾ, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಗಳ ಸಾರವನ್ನು ಆಲಿವ್ ಎಣ್ಣೆಯಲ್ಲಿ ಇಳಿಸಿದ ಹನಿ. ಇನ್ನೊಂದಕ್ಕೆ ನೋವು ತಿಳಿಯದಂತೆ ಕಿವಿಯನ್ನು ಮರಗಟ್ಟಿಸುವ ಹನಿ. ಸುಶ್ರುತನ ಬೆಳ್ಳುಳ್ಳಿ ಎಷ್ಟೋ ಶತಮಾನಗಳ ನಂತರ ಮೆಡಿಟರೇನಿಯನ್ ದಡದಲ್ಲಿ ಪರೀಕ್ಷೆಗೆ ಕೂತಿತ್ತು. ಎರಡೂ ಗುಂಪಿನ ನೋವು ಒಂದೇ ಬಗೆಯಲ್ಲಿ ಇಳಿಯಿತು. ಅದೇ ತಂಡ 2003ರಲ್ಲಿ 171 ಮಕ್ಕಳನ್ನು ನಾಲ್ಕು ಗುಂಪು ಮಾಡಿ, ಕೆಲವರಿಗೆ ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೂಡ ಸೇರಿಸಿ ನೋಡಿತು. ಮೂಲಿಕೆ ಹನಿ ಹಾಕಿಸಿಕೊಂಡವರು ತುಸು ಮೇಲಾಗಿದ್ದರು, ಅಮಾಕ್ಸಿಸಿಲಿನ್ ಸೇರಿಸಿದ್ದರಿಂದ ಲಾಭ ಕಾಣಲಿಲ್ಲ. ಆದರೆ ಸಂಶೋಧಕರೇ ಪ್ರಾಮಾಣಿಕವಾಗಿ ಬರೆದ ಮಾತು ಮುಖ್ಯ: ಮೂರು ದಿನಗಳಲ್ಲಿ ಇಳಿದ ನೋವಿನಲ್ಲಿ ಶೇ. 80ರಷ್ಟು ಬರೀ ಸಮಯ ಕಳೆದದ್ದರಿಂದಲೇ ಇಳಿದದ್ದು. ಮೂಲಿಕೆಯ ಪರ ವಾದಿಸುವವರು ಈ ಎರಡು ಪ್ರಯೋಗಗಳನ್ನು ಎತ್ತಿ ಹಿಡಿಯುವಾಗ ಆ ವಾಕ್ಯವನ್ನು ದಾಟಿಹೋಗುತ್ತಾರೆ. ಇನ್ನೊಂದು ಕೊರತೆಯೂ ಇದೆ. ಬರೀ ಎಣ್ಣೆ ಹಾಕಿದ ಗುಂಪು ಅಲ್ಲಿರಲಿಲ್ಲ. 1997ರಲ್ಲಿ ಅಮೆರಿಕದಲ್ಲಿ 54 ಮಕ್ಕಳ ಮೇಲೆ ಮರಗಟ್ಟಿಸುವ ಹನಿಯನ್ನು ಪರೀಕ್ಷಿಸಿದಾಗ ಹೋಲಿಕೆಗೆ ಬಳಸಿದ್ದು ಸಾದಾ ಆಲಿವ್ ಎಣ್ಣೆ. ನಮ್ಮ ಮನೆಗಳಲ್ಲಿ ಔಷಧವಾಗಿರುವುದು ಅಲ್ಲಿ ಹುಸಿ ಔಷಧದ ಪಾತ್ರ ವಹಿಸಿತ್ತು. ಅರ್ಧ ಗಂಟೆಯ ಹೊತ್ತಿಗೆ ಮರಗಟ್ಟಿಸುವ ಹನಿ ಅದಕ್ಕಿಂತ ಮುಂದಿತ್ತು. ಮೂರನೆಯದು ವಯಸ್ಸು. ನಡುಗಿವಿಯ ಸೋಂಕು ಅತಿ ಹೆಚ್ಚು ಕಾಡುವುದು ಆರು ತಿಂಗಳಿಂದ ಎರಡು ವರ್ಷದ ಕೂಸುಗಳನ್ನು. ಇಸ್ರೇಲಿನ ಪ್ರಯೋಗಗಳಲ್ಲಿ ಐದು ವರ್ಷಕ್ಕಿಂತ ಸಣ್ಣವರಿಲ್ಲ. ಒಗ್ಗರಣೆ ಸೌಟಿನ ಮುಂದೆ ಅಳುವ ಮಗು ಮಾತ್ರ ಸಾಮಾನ್ಯವಾಗಿ ಆ ಸಣ್ಣದೇ.

ಬೆಳ್ಳುಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದಲ್ಲ ಎನ್ನುವವರಿದ್ದಾರೆ. ಕೊಲ್ಲುತ್ತದೆ. 1944ರಲ್ಲಿ ಕವಲ್ಲಿಟೊ ಮತ್ತು ಬೇಲಿ ಎಂಬ ಸಂಶೋಧಕರು ಬೆಳ್ಳುಳ್ಳಿಯಿಂದ ಅಲಿಸಿನ್ ಎಂಬ ಪದಾರ್ಥವನ್ನು ಬೇರ್ಪಡಿಸಿ ಅದರ ಶಕ್ತಿಯನ್ನು ತೋರಿಸಿಕೊಟ್ಟರು. ಆದರೆ ಇಡೀ ಎಸಳಿನಲ್ಲಿ ಅಲಿಸಿನ್ ಇರುವುದಿಲ್ಲ. ಜಜ್ಜಿದಾಗ ಎಸಳಿನೊಳಗಿನ ಒಂದು ಕಿಣ್ವ ಇನ್ನೊಂದು ವಸ್ತುವಿಗೆ ಸೇರಿ ಆಗಷ್ಟೇ ಹುಟ್ಟುವ ಪದಾರ್ಥ ಅದು, ಘಾಟೂ ಅದರದ್ದೇ. ಆ ಕಿಣ್ವ ಬಿಸಿಗೆ ಸತ್ತುಹೋಗುತ್ತದೆ, ಹುಟ್ಟಿದ ಅಲಿಸಿನ್ ಕೂಡ ಬಿಸಿಗೆ ಬಾಳುವುದಿಲ್ಲ. ಇಡೀ ಎಸಳನ್ನು ಕಾದ ಎಣ್ಣೆಗೆ ಹಾಕಿ ಕೆಂಪಗೆ ಹುರಿದರೆ ಬ್ಯಾಕ್ಟೀರಿಯಾಕ್ಕಿಂತ ಮೊದಲು ಸಾಯುವುದು ಅದೇ ಕಿಣ್ವ. ಹಸಿ ರಸವನ್ನೇ ಬೆಚ್ಚಗೆ ಮಾಡಿ ಹಾಕಿ ಎಂದ ಸುಶ್ರುತ ಈ ಲೆಕ್ಕದಲ್ಲಿ ನಮ್ಮ ಸೌಟಿಗಿಂತ ವಾಸಿ, ಆದರೆ ಹಸಿ ಬೆಳ್ಳುಳ್ಳಿ ಎಳೆಯ ಚರ್ಮವನ್ನು ಸುಡುತ್ತದೆ. ಮತ್ತೆ ಆ ತಮಟೆ ಇದ್ದೇ ಇದೆ. ಪ್ರಯೋಗಶಾಲೆಯ ಗಾಜಿನ ತಟ್ಟೆಗೂ ಕಿವಿಗೂ ಇರುವ ವ್ಯತ್ಯಾಸ ಒಂದು ಪೊರೆಯಷ್ಟೇ, ಅಷ್ಟೇ ಸಾಕು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ: ಇಂಗ್ಲಿಷ್ ಔಷಧಿಯವರು ಮಾಡಿದ್ದೇನು? ಇದು ನ್ಯಾಯವಾದ ಪ್ರಶ್ನೆ, ಇದರ ಉತ್ತರವು ಆಧುನಿಕ ವೈದ್ಯಕ್ಕೆ ಅಷ್ಟೇನೂ ಹಿತವಲ್ಲ. ತಮಟೆಗೆ ಸೂಜಿ ಚುಚ್ಚಿ ಕೀವು ತೆಗೆಯುವುದು ಯುರೋಪಿನಲ್ಲಿ ದೀರ್ಘಕಾಲ ಸಾಮಾನ್ಯ ಚಿಕಿತ್ಸೆಯಾಗಿತ್ತು. ಪೆನಿಸಿಲಿನ್ ಬಂದ ಮೇಲೆ ಪ್ರತಿ ಕಿವಿನೋವಿಗೂ ಆ್ಯಂಟಿಬಯಾಟಿಕ್ ಬರೆಯುವುದು ರೂಢಿಯಾಯಿತು. 1981ರಲ್ಲಿ ಅದೇ ಫಾನ್ ಬುಖೆಮ್ ತಂಡ ಚುಚ್ಚುವುದು, ಆ್ಯಂಟಿಬಯಾಟಿಕ್, ಎರಡೂ, ಎರಡೂ ಇಲ್ಲ ಎಂದು ನಾಲ್ಕು ಗುಂಪು ಮಾಡಿ ನೋಡಿದರೆ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಗಳು ನಂತರ ಬಂದವು; ಅವುಗಳ ಪ್ರಕಾರ ಆ್ಯಂಟಿಬಯಾಟಿಕ್ ಕೊಟ್ಟರೂ ಬಿಟ್ಟರೂ ಶೇ. 60ರಷ್ಟು ಮಕ್ಕಳು ಒಂದು ದಿನದಲ್ಲಿ ಸುಧಾರಿಸುತ್ತಾರೆ. ಎರಡು ಮೂರನೇ ದಿನದ ನೋವನ್ನು ಒಂದು ಮಗುವಿಗೆ ತಪ್ಪಿಸಲು ಸುಮಾರು 20 ಮಕ್ಕಳಿಗೆ ಔಷಧ ಕೊಡಬೇಕು. ಸೂಜಿಯೂ ಮಾತ್ರೆಯೂ ಮೂರನೇ ದಿನದ ಕೀರ್ತಿಯನ್ನೇ ತಮ್ಮದೆಂದು ಹೇಳಿಕೊಂಡಿದ್ದವು. ಇಷ್ಟಾದರೂ ಎರಡೂ ಒಂದೇ ಎಂದು ಕೈಬಿಡುವಂತಿಲ್ಲ. 2006ರಲ್ಲಿ ಹಲವು ಪ್ರಯೋಗಗಳ ಅಂಕಿಅಂಶವನ್ನು ಒಟ್ಟುಮಾಡಿ ನೋಡಿದಾಗ ಆ್ಯಂಟಿಬಯಾಟಿಕ್ ಎಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆಂಬುದು ಬೇರೆಯಾಗಿ ಕಂಡಿತು: ಎರಡು ವರ್ಷದೊಳಗಿನ, ಎರಡೂ ಕಿವಿಗೆ ಸೋಂಕು ತಗಲಿದ ಕೂಸುಗಳಲ್ಲಿ ನಾಲ್ಕಕ್ಕೆ ಒಂದು, ಕಿವಿ ಸೋರುತ್ತಿರುವ ಮಕ್ಕಳಲ್ಲಿ ಮೂರಕ್ಕೆ ಒಂದು ಲಾಭ ಪಡೆಯುತ್ತದೆ. ಮೂಲಿಕೆಯ ಪಾಲಿಗೆ ಇಂಥ ವಿಂಗಡಣೆ ಇನ್ನೂ ಆಗಿಲ್ಲ. ಆ್ಯಂಟಿಬಯಾಟಿಕ್ಕಿನ ಸುಳ್ಳು ಹೆಸರನ್ನು ಕಳಚಿದ್ದೂ, ನಿಜವಾದ ಜಾಗ ತೋರಿಸಿದ್ದೂ ಒಂದೇ ಪರೀಕ್ಷೆ. ಅದೇ ಪರೀಕ್ಷೆಯನ್ನು ಮೂಲಿಕೆಗೆ ಕೇಳುವುದು ಹಗೆತನದ ಮಾತಾಗುವುದಿಲ್ಲ.

ಸೋಂಕು ಬರುವ ದಾರಿ ಮೂಗಿನದು ಎಂದು ಒಪ್ಪಿ, ಗಿಡದಿಂದ ಬಂದ ಪದಾರ್ಥವನ್ನು ಬಾಯಿಯ ಮೂಲಕ ಕೊಟ್ಟು ನೋಡಿದ ಪ್ರಯೋಗಗಳೂ ಇವೆ. ಬರ್ಚ್ ಮರದಿಂದ ತೆಗೆಯುವ ಕ್ಸೈಲಿಟಾಲ್ ಎಂಬ ಸಕ್ಕರೆ ಗಂಟಲಲ್ಲಿ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುತ್ತದೆ. ಫಿನ್ಲೆಂಡಿನಲ್ಲಿ 1996 ಮತ್ತು 1998ರಲ್ಲಿ ಶಿಶುವಿಹಾರದ ಮಕ್ಕಳಿಗೆ ಅದರ ಚೂಯಿಂಗ್ ಗಮ್ ಕೊಟ್ಟಾಗ ಕಿವಿ ಸೋಂಕು ಶೇ. 40ರಷ್ಟು ಕಡಿಮೆಯಾಯಿತು. ಆದರೆ ದಿನಕ್ಕೆ ಐದು ಸಲ ಅಗಿಯಬೇಕು. ಹಾಲುಹಲ್ಲಿನ ಮಗುವಿಗೆ ಗಮ್ ಅಗಿಸುವುದು ಹೇಗೆ? ಮೂರು ಸಲ ಸಿರಪ್ಪಾಗಿ ಕೊಟ್ಟು ನೋಡಿದ ಅಮೆರಿಕದ 2014ರ ಪ್ರಯೋಗದಲ್ಲಿ ಲಾಭ ಸಿಗಲಿಲ್ಲ. ಎಕಿನೇಶಿಯ ಎಂಬ ಗಿಡದ ಪಾಡು ಇನ್ನೂ ಕೆಟ್ಟದ್ದು. ಪದೇ ಪದೇ ಕಿವಿ ನೋಯುವ 90 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಶೇ. 65, ತೆಗೆದುಕೊಳ್ಳದವರಲ್ಲಿ ಶೇ. 41 ಮಕ್ಕಳಿಗೆ ಸೋಂಕು ಮರುಕಳಿಸಿತು. ಗಿಡಮೂಲಿಕೆ, ಏನೂ ತೊಂದರೆ ಮಾಡದು ಎನ್ನುವ ಮಾತಿಗೆ ಈ ಅಂಕಿ ಎದುರು ನಿಲ್ಲುತ್ತದೆ.

ತೊಂದರೆಯ ವಿಷಯ ಬಂದಾಗ ನಮ್ಮ ನಾಡಿನ ಕಿವಿಗೇ ಮರಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರಿಗೆ ಕಿವಿ ಸೋರುವ ದೀರ್ಘಕಾಲದ ಕಾಯಿಲೆ ಇದೆಯೆಂದು ಅಂದಾಜಿಸಿ, ಅದು ಅತಿ ಹೆಚ್ಚಿರುವ ನಾಡುಗಳ ಸಾಲಿನಲ್ಲಿ ಭಾರತವನ್ನು ಇಟ್ಟಿತು. ಸೋರುವ ಕಿವಿಯಲ್ಲಿ ತಮಟೆ ತೂತಾಗಿರುತ್ತದೆ, ಎಂದರೆ ಗೋಡೆ ಒಡೆದಿರುತ್ತದೆ. ಹೊರಗಿನಿಂದ ಬಿಟ್ಟ ಹನಿ ನಡುಗಿವಿಗೆ ತಲುಪುವುದು ಇಲ್ಲಿ ಮಾತ್ರ. ವಿಚಿತ್ರವೆಂದರೆ ಮೂಲಿಕೆ ಹನಿಗಳನ್ನು ಪರೀಕ್ಷಿಸಿದ್ದು ಅವು ತಲುಪಲಾರದ ಕಡೆ. ತಲುಪಬಲ್ಲ ಕಡೆ ಅವುಗಳ ಪರೀಕ್ಷೆ ಹಿಂದೆ ಬಿದ್ದಿದೆ. ಅಲ್ಲಿ ಸದ್ಯಕ್ಕೆ ಗೊತ್ತಿರುವುದು ಎಣ್ಣೆಯ ಕೇಡು. ಒದ್ದೆ ಕಿವಿಗೆ ಎಣ್ಣೆ ಬಿದ್ದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹಿಡಿಯಲು ಅನುಕೂಲ. ಕಿವಿಯೊಳಗೆ ಕರಿ ಚುಕ್ಕೆಯ, ನೆನೆದ ಕಾಗದದಂಥ ಪೊರೆ ಕಟ್ಟುತ್ತದೆ, ತುರಿಕೆ ತಡೆಯಲಾಗುವುದಿಲ್ಲ. ಕಿವಿ, ಮೂಗು, ಗಂಟಲಿನ ವೈದ್ಯರು ಕಿವಿಗೆ ಎಣ್ಣೆ ಬಿಡಬೇಡಿ ಎಂದು ಹೇಳಿ ಹೇಳಿ ಸೋಲುವುದು ಈ ಕಾರಣಕ್ಕೆ. ಅದರ ಬದಲು ಸೋರುವ ಕಿವಿಗೆ ಆರೋಗ್ಯ ಕಾರ್ಯಕರ್ತೆಯರು ತಾಯಂದಿರಿಗೆ ಕಲಿಸಿಕೊಡುವುದು ಬತ್ತಿಯ ವಿಧಾನ. ನೀರು ಹೀರುವ ಶುಭ್ರ ಬಟ್ಟೆಯನ್ನು ಹೊಸೆದು ಬತ್ತಿ ಮಾಡಿ, ಕಿವಿಯಲ್ಲಿಟ್ಟು, ಒದ್ದೆಯಾದ ಮೇಲೆ ತೆಗೆದು ಹೊಸದನ್ನು ಇಡುವುದು. ಬತ್ತಿ ಒಣಗಿಯೇ ಹೊರಬರುವ ತನಕ, ದಿನಕ್ಕೆ ಮೂರು ಸಲ. ಆ ಮೇಲೆ ಬೇಕಿದ್ದರೆ ವೈದ್ಯರು ಬರೆದ ಹನಿ. ಉತ್ತರತಂತ್ರದ ಇಪ್ಪತ್ತೊಂದನೇ ಅಧ್ಯಾಯ ಸೋರುವ ಕಿವಿಗೆ ಒರೆಸಲು ಹೇಳಿದ್ದು ನಮ್ಮ ಅಡುಗೆಮನೆಗೆ ಬರಲೇ ಇಲ್ಲ. ಎಣ್ಣೆಯ ಬಟ್ಟಲು ಬಂತು, ಬತ್ತಿ ದಾರಿಯಲ್ಲೇ ಉಳಿಯಿತು.